ಗೇಟ್ ಹಾಕಿದ್ರಾ?

ಏನು ಕೆಲಸ ಅಂತ ಯಾರಾದರೂ ಕೇಳಿದರೆ ಕಾರ್ಟೂನ್ ಮಾಡ್ತೀನಿ ಅನ್ನುತ್ತೇನೆ. ತಕ್ಷಣ ಎದುರಿನವರ ಮುಖ ಅರಳುತ್ತದೆ. "ಅಯ್ಯೋ, ನಮ್ಮ ಮಗು ದಿನಾ ಅದನ್ನೇ ನೋಡೋದು. ಯಾವುದು ಹೇಳಿ, ಹಾಕ್ಕೊಡ್ತೀವಿ." ದಯವಿಟ್ಟು ಹಾಕಿಕೊಡಬೇಡಿ, ಅದು ದೊಡ್ಡವರದು ಅಂದ ಮೇಲೆ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ದೊಡ್ಡವರ ಕಾರ್ಟೂನ್ ಅಂದರೆ ಅವರ ತಲೆಗೆ ಏನು ಬಂದಿರುತ್ತದೆ ಅಂತ ನನಗೆ ಗೊತ್ತು. ಸಮಜಾಯಿಷಿ ಕೊಡೋದನ್ನು ಬಿಟ್ಟು ಬಹಳ ದಿನ ಆಯ್ತು.

ನಮ್ಮ ಸರಣಿಯಲ್ಲಿ ಬೈಗುಳ ಇದೆ, ಹಾಸಿಗೆಯೂ ಇದೆ. ಎರಡಕ್ಕಿಂತ ಜಾಸ್ತಿ ಸಾಲ ಇದೆ. ಮಂಡಿ ನೋವಿದೆ, ಮಾತು ಮುಗಿದುಹೋದ ದಾಂಪತ್ಯ ಇದೆ. ಮಕ್ಕಳು ನೋಡಿದರೆ ಕೆಡೋದಿಲ್ಲ, ಅವರಿಗೆ ಬೋರಾಗುತ್ತೆ ಅಷ್ಟೇ. ಇದು ಹೊಸ ಸಂಗತಿಯೂ ಅಲ್ಲ. 1960ರಲ್ಲಿ ಅಮೆರಿಕದ ಟಿವಿಯಲ್ಲಿ 'ದಿ ಫ್ಲಿಂಟ್‌ಸ್ಟೋನ್ಸ್' ಅನ್ನುವ ಶಿಲಾಯುಗದ ಕಾರ್ಟೂನ್ ಶುರುವಾದದ್ದೇ ರಾತ್ರಿ ದೊಡ್ಡವರು ಟಿವಿ ಮುಂದೆ ಕೂರುವ ಹೊತ್ತಿನಲ್ಲಿ. ಗಂಡ, ಹೆಂಡತಿ, ಪಕ್ಕದ ಮನೆಯವರು, ರೇಗುವ ಬಾಸ್. ಶಿಲಾಯುಗ ಬರೀ ವೇಷ.

ನಾನು ಸ್ಟೋರಿಬೋರ್ಡ್, ಅಂದರೆ ದೃಶ್ಯಗಳನ್ನು ಚೌಕ ಚೌಕವಾಗಿ ಗೀಚಿದ ಚಿತ್ರಗಳು, ಬರೆಯುವವರಲ್ಲಿ ಒಬ್ಬ, ಅನಿಮ್ಯಾಟಿಕ್ ಜೋಡಿಸುವ ಕೆಲಸವೂ ನನ್ನ ಪಾಲಿಗೇ ಬರುತ್ತದೆ. ಒಂದು ಎಪಿಸೋಡ್ ಹೇಗೆ ತಯಾರಾಗುತ್ತೆ ಅಂತ ಮೊದಲಿಂದ ಹೇಳಲು ಹೋದರೆ ನೀವು ಅರ್ಧಕ್ಕೇ ಎದ್ದು ಹೋಗುತ್ತೀರಿ. ಅದಕ್ಕೇ ಮೂರನೇ ಎಪಿಸೋಡಿನ ಒಂದೇ ಒಂದು ಜೋಕಿನ ಕಥೆ ಹೇಳುತ್ತೇನೆ. ಅದು ಕಾಗದದಿಂದ ಪರದೆಗೆ ಬರಲು ಹತ್ತು ತಿಂಗಳು ಹಿಡಿಯಿತು.

ದೃಶ್ಯ ಇಷ್ಟು. ರಾತ್ರಿ. ಗಂಡ ಹೆಂಡತಿ ಮಲಗಿದ್ದಾರೆ, ಇಬ್ಬರ ಕಣ್ಣೂ ಸೂರಿನ ಮೇಲೆ. ಇಡೀ ಎಪಿಸೋಡು ರಂಪ ಮಾಡಿ ಸುಸ್ತಾದ ಗಂಡ, ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, "ನೀನು ಖುಷಿಯಾಗಿದ್ದೀಯಾ?" ಅಂತ ಕೇಳುತ್ತಾನೆ. ಮೌನ. ಆಮೇಲೆ ಅವಳು, "ಗೇಟ್ ಹಾಕಿದ್ರಾ?"

ಅಷ್ಟೇ.

ಬರೆದವರ ಮನೆಯಲ್ಲೇ ಇದು ನಡೆದಿದೆ ಅಂತ ನಮಗೆಲ್ಲ ಗುಮಾನಿ. ಅವರು ಇವತ್ತಿಗೂ ಒಪ್ಪಿಲ್ಲ. ಬರವಣಿಗೆಯ ಕೋಣೆಯಲ್ಲಿ ಈ ಸಾಲಿನ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಜಗಳ ಆಯಿತು. "ಹಾಕಿದ್ಯಾ" ಅನ್ನಬೇಕೋ "ಹಾಕಿದ್ರಾ" ಅನ್ನಬೇಕೋ? ಈಗಿನ ಹೆಂಡತಿ ಏಕವಚನದಲ್ಲೇ ಕರೀತಾಳೆ ಅಂತ ಕೆಲವರು. ಬಹುವಚನದ ಮರ್ಯಾದೆ ಕೊಟ್ಟು ಪ್ರಶ್ನೆಯನ್ನೇ ಕಸದ ಬುಟ್ಟಿಗೆ ಹಾಕ್ತಾಳಲ್ಲ, ಅದರಲ್ಲೇ ಮಜಾ ಇರೋದು ಅಂತ ಇನ್ನು ಕೆಲವರು. ಎರಡನೇ ಗುಂಪು ಗೆದ್ದಿತು. ನನಗೂ ಅದೇ ಸರಿ ಅನ್ನಿಸಿತ್ತು, ಆದರೆ ಆ ಕೋಣೆಯಲ್ಲಿ ಬೋರ್ಡಿನವರ ಮಾತು ಯಾರೂ ಕೇಳುವುದಿಲ್ಲ.

ಸ್ಕ್ರಿಪ್ಟಿನಲ್ಲಿ ಎರಡು ಸಾಲುಗಳ ನಡುವೆ ಒಂದೇ ಪದ ಇತ್ತು. 'ಮೌನ.' ನಾನು ದುಡಿದದ್ದು ಆ ಒಂದು ಪದಕ್ಕೆ.

ಸ್ಕ್ರಿಪ್ಟ್ ಒಂದು ಹದಕ್ಕೆ ಬಂದ ಮೇಲೆ ಟೇಬಲ್ ರೀಡ್. ಕಲಾವಿದರು, ಬರಹಗಾರರು, ನಾವೆಲ್ಲ ಉದ್ದನೆಯ ಮೇಜಿನ ಸುತ್ತ ಕೂತು ಪೂರ್ತಿ ಎಪಿಸೋಡ್ ಗಟ್ಟಿಯಾಗಿ ಓದಿಸಿ ಕೇಳುತ್ತೇವೆ. ಆಗ ಒಂದೂ ಚಿತ್ರ ಇರುವುದಿಲ್ಲ. ನಿರ್ದೇಶಕಿ ನನ್ನ ಕೈಗೆ ಪೆನ್ಸಿಲ್ ಕೊಟ್ಟು, "ಎಲ್ಲಿ ನಕ್ಕರೋ ಅಲ್ಲಿ ಗೆರೆ ಹಾಕಿ. ತುಟಿ ಅರಳಿದರೆ ಒಂದು, ಸದ್ದು ಬಂದರೆ ಎರಡು, ಓದೋದೇ ನಿಂತರೆ ಮೂರು" ಅಂದರು. ಗೇಟಿನ ಸಾಲಿಗೆ ಓದು ನಿಂತೇ ಹೋಯಿತು. ಲೆಕ್ಕಪತ್ರ ನೋಡುವವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೂರು ಗೆರೆ ಎಳೆದೆ. "ಆ ಕಾಗದ ಕಳೀಬೇಡಿ. ಆರು ತಿಂಗಳಾದ ಮೇಲೆ ನಮಗೆ ಯಾವುದಕ್ಕೂ ನಗು ಬರಲ್ಲ. ಆಗ ಅದೇ ಬೇಕಾಗುತ್ತೆ" ಅಂದರು ಮೇಡಂ. ಸುಮ್ನೆ ಹೇಳ್ತಿದ್ದಾರೆ ಅಂದುಕೊಂಡೆ.

ಮುಂದೆ ಧ್ವನಿ. ಹೊರಗಿನವರು ತಿರುಗಾಮುರುಗಾ ತಿಳಿದಿರುತ್ತಾರೆ, ಬೊಂಬೆ ಕುಣಿಸಿ ಆಮೇಲೆ ಮಾತು ಸೇರಿಸ್ತೀವಿ ಅಂತ. ನಮ್ಮಲ್ಲಿ ಮೊದಲು ಮಾತು. ಧ್ವನಿ ಸಿಕ್ಕ ಮೇಲೇ ಮುಖ. ಗಂಡನ ಪಾತ್ರದವರು ಸೋಮವಾರ ಬಂದು ಹೇಳಿ ಹೋದರು, ಹೆಂಡತಿಯ ಪಾತ್ರದವರು ಬಂದದ್ದು ಶುಕ್ರವಾರ. ಒಂದೇ ಹಾಸಿಗೆಯಲ್ಲಿ ಮಲಗಿರುವ ಇಬ್ಬರೂ ಆ ಎಪಿಸೋಡಿಗೆ ಒಬ್ಬರ ಮುಖ ಒಬ್ಬರು ನೋಡಿದ್ದು ಟೇಬಲ್ ರೀಡಿನಲ್ಲಿ ಮಾತ್ರ. ಗಾಜಿನ ಈಚೆಯಿಂದ ಗಂಡನ ಸಾಲು ಓದಿದ್ದು ನಿರ್ದೇಶಕಿ. ಹನ್ನೊಂದು ಟೇಕ್ ಆಯಿತು. ಬೇಸರದಲ್ಲಿ ಒಂದು, ಸಿಟ್ಟಿನಲ್ಲಿ ಒಂದು, ಅರ್ಧ ನಿದ್ದೆಯಲ್ಲಿ ಒಂದು. ಏಳನೆಯದರಲ್ಲಿ ಅವರು ಮಾತಿಗೆ ಮುಂಚೆ ಸಣ್ಣದಾಗಿ ಉಸಿರೆಳೆದುಕೊಂಡರು. ಏನೋ ದೊಡ್ಡದು ಹೇಳ್ತಾಳೆ ಅನ್ನಿಸುವಂಥ ಉಸಿರು. ಆಮೇಲೆ ಬಂದದ್ದು ಗೇಟು. ಏಳನೆಯದೇ ಇರಲಿ ಅಂದರು ಎಲ್ಲರೂ.

ಅದೇ ಹೊತ್ತಿನಲ್ಲಿ ಬೈಗುಳಗಳಿಗೆಲ್ಲ ಎರಡೆರಡು ಸಲ ರೆಕಾರ್ಡಿಂಗ್. ಒಂದು ಅಸಲಿ, ಒಂದು ಸೋಸಿದ್ದು. ಸೋಸಿದ್ದನ್ನು ಹೇಳುವಾಗಲೇ ಕಲಾವಿದರಿಗೆ ನಾಚಿಕೆ ಜಾಸ್ತಿ. ಎಷ್ಟೋ ಕಡೆ ಎರಡನ್ನೂ ಬಿಟ್ಟು ಬೀಪ್ ಹಾಕಿದೆವು, ಅದೇ ಹೆಚ್ಚು ನಗಿಸಿತು. ಕೇಳಿಸದ ಬೈಗುಳವನ್ನು ನೋಡುವವರು ತಮಗೆ ಗೊತ್ತಿರುವುದರಲ್ಲಿ ಅತಿ ಕೆಟ್ಟದ್ದರಿಂದ ತುಂಬಿಕೊಳ್ಳುತ್ತಾರೆ.

ಎರಡೂ ಧ್ವನಿ ನನ್ನ ಕಂಪ್ಯೂಟರಿಗೆ ಬಂದವು. ಮಧ್ಯದ ಮೌನ ಯಾರೂ ನಟಿಸಿದ್ದಲ್ಲ. ಅದನ್ನು ಅಳೆದು ಕತ್ತರಿಸಿ ಇಡಬೇಕಾದವನು ನಾನು. ಒಂದು ಸೆಕೆಂಡಿಗೆ 24 ಫ್ರೇಮ್. ನಮ್ಮ ಎಪಿಸೋಡ್ 22 ನಿಮಿಷ, ಅಂದರೆ 31,680 ಫ್ರೇಮ್. ಪಾತ್ರಗಳನ್ನು ಸಾಮಾನ್ಯವಾಗಿ ಎರಡು ಫ್ರೇಮಿಗೆ ಒಂದು ಭಂಗಿಯಂತೆ ಅಲ್ಲಾಡಿಸುತ್ತೇವೆ, ಸೆಕೆಂಡಿಗೆ ಹನ್ನೆರಡು. ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ಕಿವಿ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮೌನ ಮೂವತ್ತು ಫ್ರೇಮ್ ಇಟ್ಟರೆ ಅವಳಿಗೆ ಪ್ರಶ್ನೆಯೇ ಕೇಳಿಸಿಲ್ಲ ಅನ್ನಿಸುತ್ತಿತ್ತು. ಅರವತ್ತು ಇಟ್ಟರೆ ಅಳುತ್ತಾಳೇನೋ ಅನ್ನಿಸುತ್ತಿತ್ತು. ನಲವತ್ತಕ್ಕೆ ಬಂದಾಗ ಅವಳು ಪ್ರಶ್ನೆ ಕೇಳಿಸಿಕೊಂಡಳು, ಯೋಚಿಸಿದಳು, ಇದೆಲ್ಲ ಈಗ ಯಾಕೆ ಅಂದುಕೊಂಡಳು. ಎರಡು ಸೆಕೆಂಡೂ ತುಂಬದ ಜಾಗದಲ್ಲಿ ಮೂರು ಕೆಲಸ. ನಲವತ್ತಕ್ಕೇ ನಿಲ್ಲಿಸಿದೆ.

ಬೋರ್ಡ್ ಬರೆಯುವಾಗ ನಾನು ಮಾಡಿದ್ದು ಶುದ್ಧ ದಡ್ಡತನ. ಒಳ್ಳೆ ಜೋಕು ಸಿಕ್ಕಿದೆ, ಚೆನ್ನಾಗಿ ತೋರಿಸೋಣ ಅಂತ ಎಂಟು ಚೌಕ ಬರೆದೆ. ಗಂಡನ ಮುಖ ಹತ್ತಿರದಿಂದ. ಹೆಂಡತಿಯ ಕಣ್ಣು ಇನ್ನೂ ಹತ್ತಿರದಿಂದ. ಬಟ್ಟೆ ಹಿಡಿದ ಬೆರಳು. ಕಿಟಕಿ. ಕಿಟಕಿಯಾಚೆ ಚಂದ್ರ ಬೇರೆ! ನಿರ್ದೇಶಕಿ ಒಂದೊಂದಾಗಿ ಅಳಿಸುತ್ತಾ ಹೋದರು. ಕೊನೆಗೆ ಉಳಿದದ್ದು ಒಂದು ಚೌಕ. ಮೇಲಿನಿಂದ ನೋಡಿದಂತೆ, ಹಾಸಿಗೆಯ ಎರಡು ತುದಿಯಲ್ಲಿ ಎರಡು ತಲೆ, ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ. "ಕ್ಯಾಮೆರಾನೇ ಇದು ಜೋಕು ಅಂತ ಹೇಳಿಬಿಟ್ಟರೆ ಅವಳಿಗೆ ಹೇಳೋಕೆ ಏನು ಉಳೀತು?" ಅಂದರು.

ಪ್ರೊಡಕ್ಷನ್ ನೋಡಿಕೊಳ್ಳುವವರಿಗೆ ಆ ಚೌಕ ಕಂಡು ಹಬ್ಬ. ಹೊದಿಕೆ ಕುತ್ತಿಗೆವರೆಗೂ ಇದೆ. ಕೈ ಇಲ್ಲ, ಕಾಲಿಲ್ಲ, ನಡಿಗೆ ಇಲ್ಲ. ಬರೀ ಎರಡು ತಲೆ. ನಮ್ಮ ಕಸುಬಿನಲ್ಲಿ ನಡಿಗೆಯಷ್ಟು ದುಬಾರಿ ಇನ್ನೊಂದಿಲ್ಲ. ಹಳೇ ಕಾರ್ಟೂನುಗಳಲ್ಲಿ ಮೈಮೇಲೆ ಅಂಗಿಯೇ ಇಲ್ಲದ ಪ್ರಾಣಿಯ ಕೊರಳಿಗೂ ಕಾಲರ್, ಟೈ ಇರುವುದನ್ನು ನೋಡಿದ್ದೀರಲ್ಲ? ಫ್ಲಿಂಟ್‌ಸ್ಟೋನ್ಸ್ ಮಾಡಿದ ಹನ್ನಾ-ಬಾರ್ಬೆರಾ ಸ್ಟುಡಿಯೋದವರು ಅದನ್ನು ಚೆಂದಕ್ಕೆ ಹಾಕಿದ್ದಲ್ಲ. ತಲೆ ಬೇರೆ, ಮೈ ಬೇರೆ ಹಾಳೆಯಲ್ಲಿ ಬರೆದರೆ ಮಾತಾಡುವಾಗ ತಲೆ ಮಾತ್ರ ಬದಲಾಯಿಸಿದರೆ ಸಾಕು. ಜೋಡಣೆ ಕಾಣದಂತೆ ಕಾಲರ್ ಮುಚ್ಚುತ್ತದೆ. ನಮ್ಮ ಹೊದಿಕೆಯೂ ಅದೇ ವಂಶದ್ದು.

ಬೋರ್ಡಿನ ಚೌಕಗಳನ್ನು ಧ್ವನಿಯ ಮೇಲೆ ಜೋಡಿಸಿದರೆ ಅನಿಮ್ಯಾಟಿಕ್. ಗೀಚಿದ ಚಿತ್ರಗಳು ಒಂದಾದ ಮೇಲೊಂದು ಬಂದು ಹೋಗುತ್ತವೆ, ಕಥೆ ಮಾತ್ರ ಪೂರ್ತಿ ಇರುತ್ತದೆ. ಏನು ಕತ್ತರಿಸಿದರೂ ಇಲ್ಲೇ ಕತ್ತರಿಸಬೇಕು. ಇದಾದ ಮೇಲೆ ಕತ್ತರಿಸಿದರೆ ಯಾರದ್ದೋ ವಾರಗಟ್ಟಲೆ ದುಡಿಮೆ ಕಸಕ್ಕೆ ಹೋಗುತ್ತದೆ. ನಮ್ಮದು 22 ನಿಮಿಷಕ್ಕಿಂತ 52 ಸೆಕೆಂಡ್ ಜಾಸ್ತಿ ಆಗಿತ್ತು. ಅಷ್ಟರೊಳಗೆ ನಾವು ಅದನ್ನು ಮೂವತ್ತು ನಲವತ್ತು ಸಲ ನೋಡಿದ್ದೆವು. ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ನೋಡುತ್ತಿದ್ದೆವು.

ಆಗ ಪ್ರಸಾರದವರ ಕಡೆಯಿಂದ ಟಿಪ್ಪಣಿ ಬಂತು. ಬೇರೆಲ್ಲ ಸಣ್ಣಪುಟ್ಟವು. ಗೇಟಿನ ದೃಶ್ಯದ ಎದುರು ಹೀಗಿತ್ತು: 'ಇಲ್ಲಿ ವಿಡಿಯೋ ಹ್ಯಾಂಗ್ ಆಗಿದೆ, ಸರಿಪಡಿಸಿ.'

ಮೊದಲು ನಕ್ಕೆವು. ಆಮೇಲೆ ಹೆದರಿಕೆ ಆಯಿತು. ಟಿಪ್ಪಣಿ ಬರೆದವರು ತಪ್ಪು ಹೇಳಿರಲಿಲ್ಲ. ಎರಡು ತಲೆ ಅಲ್ಲಾಡದೆ ಮಲಗಿವೆ, ಸದ್ದಿಲ್ಲ. ಮನೆಯಲ್ಲಿ ನೋಡುವವರು ನೆಟ್‌ವರ್ಕ್ ಹೋಯಿತು ಅಂತ ಫೋನ್ ಅಲ್ಲಾಡಿಸಿದರೆ? ಸಮಯ ಬೇರೆ ಉಳಿಸಬೇಕು. ನಲವತ್ತನ್ನು ಹದಿನಾರಕ್ಕೆ ಇಳಿಸಿದೆ. ತೋರಿಸಿದೆ. ಎಲ್ಲರೂ ತಲೆಯಾಡಿಸಿದರು, ಚುರುಕಾಯ್ತು ಅಂದರು. ನನಗೂ ಹಾಗೇ ಅನ್ನಿಸಿತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಮೂರು ದಿನ ಬಿಟ್ಟು ಏನೋ ಹುಡುಕುವಾಗ ಆ ಕಾಗದ ಸಿಕ್ಕಿತು. ಪೆನ್ಸಿಲ್ ಗೆರೆಗಳು. ಕಾಗದ ಇಟ್ಟುಕೊಂಡು ಅನಿಮ್ಯಾಟಿಕ್ ಓಡಿಸಿದೆ. ಒಂದೂ ಗೆರೆ ಇಲ್ಲದ ಜಾಗದಲ್ಲಿ ಒಂದು ಕಾರ್ ಚೇಸಿಂಗ್ ನಲವತ್ತು ಸೆಕೆಂಡ್ ಆರಾಮಾಗಿ ಓಡುತ್ತಿತ್ತು. ಮೂರು ಗೆರೆ ಇದ್ದ ಜಾಗದಲ್ಲಿ ನಾನು ಒಂದು ಸೆಕೆಂಡ್ ಕತ್ತರಿಸಿದ್ದೆ. ಕಾಗದ ತೆಗೆದುಕೊಂಡು ಹೋಗಿ ಮೇಡಂ ಮುಂದೆ ಇಟ್ಟೆ. ಅವರೇನೂ ಹೇಳಲಿಲ್ಲ, ಬೆರಳಿನಿಂದ ಕಾರಿನ ದೃಶ್ಯದ ಮೇಲೆ ಒಂದು ಅಡ್ಡಗೆರೆ ಎಳೆದರು. ಆ ಚೇಸಿಂಗ್ ಬರೆದ ಹುಡುಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತುಂಬಾ ಚೆನ್ನಾಗಿ ಬರೆದಿದ್ದ. ನಾನಾಗಿದ್ದರೆ ವಾರ ಮಾತು ಬಿಡುತ್ತಿದ್ದೆ.

ನಲವತ್ತು ವಾಪಸ್ ಬಂತು. ಹ್ಯಾಂಗ್ ಆದಂತೆ ಕಾಣದ ಹಾಗೆ ಮಾಡೋದು ಹೇಗೆ? ಒಂದು ರೆಪ್ಪೆ ಬಡಿತ ಸಾಕು. ಮುಚ್ಚಿ ತೆರೆಯಲು ಐದಾರು ಫ್ರೇಮ್. ಆದರೆ ಯಾರ ರೆಪ್ಪೆ? ಹೆಂಡತಿ ಕಣ್ಣು ಮಿಟುಕಿಸಿದರೆ ಉತ್ತರ ತಯಾರಾಗುತ್ತಿದೆ ಅಂತ ಗೊತ್ತಾಗಿಬಿಡುತ್ತದೆ. ಗಂಡ ಮಿಟುಕಿಸಿದರೆ ಪಾಪ, ಕಾಯ್ತಿದ್ದಾನೆ ಅನ್ನಿಸುತ್ತದೆ. ಗಂಡನದೇ ಇರಲಿ ಅಂತಾಯಿತು. ಇಪ್ಪತ್ತೆರಡನೇ ಫ್ರೇಮಿಗೆ, ಒಂದೇ ಸಲ. ಅವಳು ಕಲ್ಲು.

ಅಲ್ಲಿಂದ ಕೆಲಸ ಬೇರೆ ಊರಿನ ಅನಿಮೇಶನ್ ಸ್ಟುಡಿಯೋಗೆ ಹೋಗುತ್ತದೆ. ಅಲ್ಲಿ ಪಾತ್ರಗಳು ಟೂನ್ ಬೂಮ್ ಹಾರ್ಮನಿ ಅನ್ನುವ ಸಾಫ್ಟ್‌ವೇರಿನಲ್ಲಿ ರಿಗ್ ಆಗಿ ಕೂತಿರುತ್ತವೆ. ತೊಗಲುಗೊಂಬೆಯ ಹಾಗೆ ಕೀಲು ಕೀಲಾಗಿ ಬಿಡಿಸಿದ ಮೈ, ಪಕ್ಕದಲ್ಲಿ ಒಂದು ಸಾಲು ಬಾಯಿಗಳು. ಮುಚ್ಚಿದ ಬಾಯಿ, ಅಗಲ ತೆರೆದದ್ದು, ಹಿಗ್ಗಿದ್ದು, ಸುತ್ತಿದ್ದು, ಹೀಗೆ ಎಂಟು ಹತ್ತು. ಧ್ವನಿ ಕೇಳಿಕೊಂಡು ಅಕ್ಷರಕ್ಕೆ ತಕ್ಕ ಬಾಯಿ ಇಡುತ್ತಾ ಹೋಗಬೇಕು, ಅದೂ ಸದ್ದಿಗಿಂತ ಒಂದೆರಡು ಫ್ರೇಮ್ ಮುಂಚೆ. ಸರಿಯಾಗಿ ಅದೇ ಫ್ರೇಮಿಗೆ ಇಟ್ಟರೆ ಬಾಯಿ ತಡವಾದಂತೆ ಕಾಣುತ್ತದೆ. ಪ, ಬ, ಮ ಬಂದರೆ ತುಟಿ ಕೂಡಲೇಬೇಕು, ಅದೊಂದು ತಪ್ಪಿದರೆ ಎಂಥವರಿಗೂ ಗೊತ್ತಾಗುತ್ತದೆ. 'ಗೇಟ್ ಹಾಕಿದ್ರಾ'ದಲ್ಲಿ ತುಟಿ ಕೂಡುವ ಅಕ್ಷರ ಒಂದೂ ಇಲ್ಲ. ಬಾಯಿ ತೆರೆದರೆ ಸಾಲು ಮುಗಿಯುವವರೆಗೂ ತೆರೆದೇ ಇರುತ್ತದೆ. ಹಾಗಾಗಿ ಅದಕ್ಕೆ ಮುಂಚಿನ ಆ ನಲವತ್ತು ಫ್ರೇಮಿನ ಮುಚ್ಚಿದ ಬಾಯಿಗೆ ಎಲ್ಲಿಲ್ಲದ ಬೆಲೆ.

ಏಳು ವಾರ ಬಿಟ್ಟು ಮೊದಲ ಟೇಕ್ ಬಂತು. ಅನಿಮೇಟರ್ ಶ್ರದ್ಧೆಯ ಮನುಷ್ಯ ಅಂತ ನೋಡಿದ ಕೂಡಲೇ ಗೊತ್ತಾಯಿತು. ಮೌನದಲ್ಲಿ ಹೆಂಡತಿಯ ಹುಬ್ಬು ಮೆಲ್ಲಗೆ ಏರಿತು. ಎದೆ ಉಬ್ಬಿ ಇಳಿಯಿತು. ತಲೆ ಅರ್ಧ ತಿರುಗಿ, ಬೇಡ ಅಂದುಕೊಂಡು ವಾಪಸ್ ಬಂತು. ಎಷ್ಟು ಚೆಂದ ಅಂದರೆ, ನೋಡಿ ಗಂಟಲು ಕಟ್ಟಿತು. ನಗು ಬರಲಿಲ್ಲ. ಅವಳ ಇಪ್ಪತ್ತು ವರ್ಷದ ನೋವೆಲ್ಲ ಆ ಮುಖದಲ್ಲಿ ಕಾಣಿಸುತ್ತಿದ್ದರೆ ಗೇಟಿನ ಚಿಂತೆ ಯಾರಿಗೆ ಬೇಕು?

ರೀಟೇಕ್ ಪಟ್ಟಿ ಬರೆಯುವುದು ನನ್ನ ಕೆಲಸ. ಬೇರೆ ತಪ್ಪುಗಳಿಗೆ ಬರೆಯುವುದು ಸುಲಭ. ಗಂಡ ಎದ್ದು ಹೋದರೂ ಮೀಸೆ ದಿಂಬಿನ ಮೇಲೇ ಉಳಿದಿತ್ತು, ಮೀಸೆ ತೆಗೆಯಿರಿ ಅಂತ ಬರೆದೆ. ಇನ್ನೊಂದು ಶಾಟಿನಲ್ಲಿ ಕತ್ತಲಲ್ಲಿ ಹಲ್ಲು ಮಾತ್ರ ಮಿಂಚುತ್ತಿತ್ತು, ಅದನ್ನೂ ಬರೆದೆ. ಇದಕ್ಕೆ ಏನು ಬರೆಯೋದು? ಅರ್ಧ ಗಂಟೆ ಕೂತು ಕೊನೆಗೆ ಹೀಗೆ ಬರೆದೆ: 'ನಟನೆ ತುಂಬಾ ಚೆನ್ನಾಗಿದೆ. ದಯವಿಟ್ಟು ಪೂರ್ತಿ ತೆಗೆದುಬಿಡಿ. ಹೆಂಡತಿ ಏನೂ ಮಾಡಬಾರದು.' ಆ ಕಡೆಯಿಂದ ಒಂದೇ ಸಾಲಿನ ಉತ್ತರ, 'ಏನೂ ಅಂದರೆ ಏನೂನಾ?' ಹೌದು, ಏನೂ. ಆ ತಲೆ ತಿರುಗುವುದನ್ನು ಮಾತ್ರ ನಾನು ಜೋಪಾನವಾಗಿ ಎತ್ತಿಟ್ಟಿದ್ದೇನೆ. ಎಂಟನೇ ಎಪಿಸೋಡಿನಲ್ಲಿ ಅದಕ್ಕೊಂದು ಜಾಗ ಇದೆ.

ಈ ಕಾಯುವ ದಿನಗಳಲ್ಲಿ ಅಮೆರಿಕದ ದೊಡ್ಡವರ ಕಾರ್ಟೂನ್ 'ಸೌತ್ ಪಾರ್ಕ್' ತಂಡದ ಮೇಲೆ ವಿಪರೀತ ಹೊಟ್ಟೆಕಿಚ್ಚಾಗುತ್ತಿತ್ತು. 1997ರಲ್ಲಿ ಕತ್ತರಿಸಿದ ಕಾಗದದ ಬೊಂಬೆಗಳಿಂದ ಶುರು ಮಾಡಿದವರು, ಆಮೇಲೆ ಕಂಪ್ಯೂಟರಿಗೆ ಹೋಗಿ ಒಂದು ಎಪಿಸೋಡನ್ನು ಆರು ದಿನದಲ್ಲಿ ಮುಗಿಸುವ ಪದ್ಧತಿಗೆ ಬಂದರು. ಅವರ ಜೋಕು ಅವರಿಗೆ ಹಳಸುವ ಮೊದಲೇ ಪರದೆಗೆ ಹೋಗಿರುತ್ತದೆ. 2013ರ ಅಕ್ಟೋಬರಿನಲ್ಲಿ ಸ್ಟುಡಿಯೋದಲ್ಲಿ ಕರೆಂಟ್ ಹೋಗಿ ಒಂದು ವಾರ ಅವರ ಗಡುವು ತಪ್ಪಿತ್ತಂತೆ. ಅಷ್ಟು ವರ್ಷದಲ್ಲಿ ಮೊದಲ ಸಲ. ನಮಗೆ ಗಡುವು ತಪ್ಪಲು ಕರೆಂಟ್ ಹೋಗಬೇಕಾಗಿಲ್ಲ.

ಬಣ್ಣ, ಪದರಗಳನ್ನೆಲ್ಲ ಒಂದೇ ಚಿತ್ರವಾಗಿ ಕೂಡಿಸುವ ಕಾಂಪೋಸಿಟಿಂಗ್ ಬೇಗ ಮುಗಿದವು. ಕಾರ್ಟೂನಿನ ರಾತ್ರಿ ನೀಲಿ. ಮೊದಲ ಸಲ ತೀರಾ ಗಾಢ ನೀಲಿ ಮಾಡಿ ಗಂಡನ ರೆಪ್ಪೆಯೇ ಕಾಣದೆ ಮತ್ತೆ ಹ್ಯಾಂಗ್ ಆದಂತಾಯಿತು. ಕಣ್ಣಿನ ಬಿಳಿಗೆ ಒಂಚೂರು ಬೆಳಕು ಕೊಟ್ಟರು, ಸರಿಹೋಯಿತು.

ಕೊನೆಗೆ ಮಿಕ್ಸಿಂಗ್. ದೊಡ್ಡ ಸ್ಪೀಕರುಗಳ ಕೋಣೆ. ದೃಶ್ಯ ಬಂತು. ಗಂಡ ಕೇಳಿದ. ಆಮೇಲಿನ ಮೌನ ಬಾವಿಗೆ ಬಿದ್ದಂತಿತ್ತು. ಕಾರ್ಟೂನಿನಲ್ಲಿ ಮೌನವೂ ತಾನಾಗಿ ಇರುವುದಿಲ್ಲ. ಸಿನಿಮಾದ ಸೆಟ್ಟಿನಲ್ಲಾದರೆ ಕೋಣೆಗೇ ಒಂದು ಸದ್ದು ಇರುತ್ತದೆ, ಮೈಕು ಅದನ್ನು ಹಿಡಿಯುತ್ತದೆ. ನಮಗೆ ಕೋಣೆಯೇ ಇಲ್ಲವಲ್ಲ. ಏನೂ ಹಾಕದಿದ್ದರೆ ಸೊನ್ನೆ. ಮಿಕ್ಸಿಂಗ್ ಮಾಡುವವರು ಮೊದಲು ಖಾಲಿ ಕೋಣೆಯ ಗುಂಯ್‌ಗುಡುವಿಕೆ ಹಾಸಿದರು. ಪರವಾಗಿಲ್ಲ ಅನ್ನಿಸಿತು. ಅದರ ಮೇಲೆ ಫ್ಯಾನ್ ಹಾಕಿದರು, ಸುತ್ತಿಗೊಂದು ಸಲ ಟಿಕ್ ಅನ್ನುವಂಥದ್ದು. ಈಗ ಮೌನಕ್ಕೆ ಜೀವ ಬಂತು. ಟಿಕ್, ಟಿಕ್, ರೆಪ್ಪೆ, ಟಿಕ್. ದೂರದಲ್ಲಿ ಒಂದು ನಾಯಿ ಬೊಗಳಿಸಿ ನೋಡಿದರು, ನಗುವೆಲ್ಲ ನಾಯಿಯ ಪಾಲಾಯಿತು. ನಾಯಿಯನ್ನು ಓಡಿಸಿದೆವು.

"ಸರ್, ಆ ಮೌನದಲ್ಲೇ ಗೇಟು ಕಿರ್ ಅನ್ನೋದು ಕೇಳಿಸಿದರೆ?" ಅಂದೆ. ಹಾಕಿದರು. ಕೆಟ್ಟಿತು. ಅವಳಿಗೆ ನಿಜವಾಗಿ ಗೇಟಿನ ಸದ್ದು ಕೇಳಿಸಿದೆ, ಅದಕ್ಕೇ ಕೇಳಿದಳು ಅಂತಾಯಿತು. ನಿರ್ದೇಶಕಿ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ತೆಗೆಯಿರಿ ಅಂದರು. ಮಿಕ್ಸಿಂಗ್‌ನವರು ಆ ಸದ್ದನ್ನು ಅಳಿಸಲು ಹೋಗಿ, ಟ್ರ್ಯಾಕಿನಿಂದ ಪಕ್ಕಕ್ಕೆ ಸರಿಸಿ, ಹಾಗೇ ಬಿಟ್ಟು, ಮೊದಲಿಂದ ಓಡಿಸಿದರು.

"ನೀನು ಖುಷಿಯಾಗಿದ್ದೀಯಾ?"

ಟಿಕ್, ಟಿಕ್, ರೆಪ್ಪೆ, ಟಿಕ್. ಸಣ್ಣ ಉಸಿರು.

"ಗೇಟ್ ಹಾಕಿದ್ರಾ?"

ಪರದೆ ಕಪ್ಪಾಯಿತು. ಹೆಸರುಗಳು ಶುರುವಾಗಬೇಕು. ಆ ಕಪ್ಪಿನಲ್ಲಿ, ತುಂಬಾ ದೂರದಿಂದ, ಕಿರ್ ಅಂತ ಗೇಟು ತೆರೆದುಕೊಂಡಿತು.

ಹಿಂದಿನ ಕುರ್ಚಿಯಲ್ಲಿ ಕೇಬಲ್ ಸುತ್ತುತ್ತಾ ಕೂತಿದ್ದ ಹುಡುಗಿ, ಅವತ್ತೇ ಕೆಲಸಕ್ಕೆ ಸೇರಿದವಳು, ಈ ಸರಣಿಯ ಒಂದು ಫ್ರೇಮನ್ನೂ ನೋಡದವಳು, ಕೇಬಲ್ ಬಿಟ್ಟು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗತೊಡಗಿದಳು. ನಿಲ್ಲಿಸಲಾಗಲಿಲ್ಲ. ಸಾರಿ ಸಾರಿ ಅನ್ನುತ್ತಾ ಮತ್ತೆ ನಕ್ಕಳು. ನಿರ್ದೇಶಕಿ ಅವಳನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಚೀಲದಿಂದ ಕಾಗದ ತೆಗೆದೆ. ಕೊನೆಯ ಸಾಲಿನ ಕೆಳಗೆ ಏನೂ ಇರಲಿಲ್ಲ, ಖಾಲಿ ಜಾಗ. ಪೆನ್ಸಿಲ್ ಇದೆಯಾ ಅಂತ ಆ ಹುಡುಗಿಯನ್ನೇ ಕೇಳಿದೆ.